ಎರಡು ಮಾರು ದೂರ

ನಮ್ಮೂರಿಗೆ ಬಂದರೆ ಯಾರನ್ನೂ ಹತ್ತಿರ ಹೋಗಿ ದಾರಿ ಕೇಳಬೇಡಿ. ಹತ್ತಿರ ಹೋದರೆ ಕೇಳಿಸುವುದಿಲ್ಲ. ಎರಡು ಮಾರು ದೂರ ನಿಂತು ಕೇಳಿ, ಸಂತೋಷವಾಗಿ ಹೇಳುತ್ತಾರೆ. ಸಾಕು ಅಂದರೂ ಹೇಳುತ್ತಲೇ ಇರುತ್ತಾರೆ. ಆ ಕಾಯಿಲೆ ಊರು ಬಿಟ್ಟು ಹೋದಾಗಿನಿಂದ ನಮ್ಮಲ್ಲಿ ಹೀಗೆ. ಎರಡು ಮಾರಿನ ಒಳಗಿರುವವರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದು. ಅದರಾಚೆ ನಿಂತವನಿಗೆ ಪಿಸುಗುಟ್ಟಿದ್ದೂ ಕೇಳುತ್ತದೆ. ಏಳು ವರ್ಷವಾಯಿತು. ಮೊದಮೊದಲು ಎಲ್ಲರೂ ಕಿವಿಗೆ ಎಣ್ಣೆ ಬಿಟ್ಟುಕೊಂಡರು, ಹರಕೆ ಹೊತ್ತರು, ಡಾಕ್ಟರ ಹತ್ತಿರ ಹೋಗಿ ಅವರು ಹೇಳಿದ್ದು ಕೇಳಿಸದೆ ವಾಪಸು ಬಂದರು. ಆಮೇಲೆ ಸುಮ್ಮನಾದರು. ಹೊಟ್ಟೆಪಾಡು ನಡೆಯಬೇಕಲ್ಲ.

ಜನ ಎಂಥದಕ್ಕೂ ಒಗ್ಗಿಕೊಳ್ಳುತ್ತಾರೆ, ಅದರಲ್ಲೂ ನಮ್ಮೂರ ಜನ ಒಂದು ಕೈ ಮೇಲು. ಹೋಟೆಲಿನವನು ಬೆಂಚುಗಳನ್ನು ರಸ್ತೆಯ ಆ ಬದಿಗೊಂದು ಈ ಬದಿಗೊಂದು ಹಾಕಿದ. ಹೆಣ್ಣು ನೋಡುವ ದಿನ ಹುಡುಗನನ್ನು ಬೀದಿಯಲ್ಲೂ ಹುಡುಗಿಯನ್ನು ನಡುಮನೆಯಲ್ಲೂ ನಿಲ್ಲಿಸಿ ಮಾತಾಡಿಕೊಳ್ಳಿ ಅಂದರು. ಮಾತನ್ನು ಬೀದಿಯವರೆಲ್ಲ ಕೇಳಿಸಿಕೊಂಡು ಒಪ್ಪಿಗೆಯನ್ನೂ ತಾವೇ ಕೊಟ್ಟರು. ತೊಟ್ಟಿಲಿಗೆ ಉದ್ದನೆಯ ಹಗ್ಗ ಬಂತು. ತಾಯಿಯಾದವಳು ಜಗಲಿಯ ಮೇಲೆ ಕೂತು ಹಗ್ಗ ಜಗ್ಗುತ್ತಾ ಒಳಗಿನ ಮಗುವಿಗೆ ಜೋಗುಳ ಹಾಡಬೇಕು. ಎತ್ತಿಕೊಂಡರೆ ಹಾಡಿಲ್ಲ, ಹಾಡಬೇಕಾದರೆ ಎತ್ತಿಕೊಳ್ಳುವ ಹಾಗಿಲ್ಲ. ಅದೊಂದನ್ನು ಮಾತ್ರ ನನಗೆ ಈಗಲೂ ನೋಡಲು ಆಗುವುದಿಲ್ಲ.

ಇನ್ನು ಗಂಡಹೆಂಡಿರ ಪಾಡು. ರಾತ್ರಿ ಪಕ್ಕದಲ್ಲಿ ಮಲಗಿದವಳು ಅಂದದ್ದು ಗಂಡನಿಗೆ ಕೇಳಿಸದು, ಓಣಿಯಾಚೆಯ ಮನೆಗೆ ಚೆನ್ನಾಗಿ ಕೇಳಿಸುತ್ತದೆ. ಹಾಗಾಗಿ ಬೆಳಿಗ್ಗೆ ಮುಖ ತೊಳೆದ ಮೇಲೆ ಆಚೆಮನೆಯ ಮುಂದೆ ನಿಂತು, “ರಾತ್ರಿ ನಮ್ಮೋಳು ಏನಂದ್ಲು?” ಅಂತ ಕೇಳಿಕೊಂಡು ಬರುವುದು ರೂಢಿಯಾಯಿತು. ಹೆಂಗಸರೂ ಹಾಗೇ ಹೋಗಿ, ನಮ್ಮೋರು ಏನಂದ್ರು ಅಂತ ಕೇಳುತ್ತಾರೆ. ಕೇಳದೆ ಹೇಳಬಾರದು, ಕೇಳಿದರೆ ಬಚ್ಚಿಡಬಾರದು, ನಗಬಾರದು. ಇಷ್ಟೇ ಕಟ್ಟಳೆ. ಈ ರಗಳೆ ಬೇಡ ಅನ್ನುವವರಿಗೆ ಕೆರೆಯಂಗಳವಿದೆ. ಭಾನುವಾರ ಮಧ್ಯಾಹ್ನ ಅಲ್ಲಿ ಜೋಡಿಗಳು ಒಂದರ ಮಾತು ಇನ್ನೊಂದಕ್ಕೆ ಕೇಳದಷ್ಟು ದೂರ ಹರಡಿಕೊಂಡು, ಎರಡೆರಡು ಮಾರು ಅಂತರದಲ್ಲಿ ನಿಂತು ವಾರದ ಮಾತನ್ನೆಲ್ಲ ಆಡಿ ಮುಗಿಸುತ್ತಾರೆ.

ನಾನು ಮುನಿವೆಂಕಟಪ್ಪ. ಪೇಟೆ ಬೀದಿಯಲ್ಲಿ ಕಟಿಂಗ್ ಶಾಪ್ ಇಟ್ಟುಕೊಂಡಿದ್ದೇನೆ. ನಮ್ಮ ಕಸುಬಿನಲ್ಲಿ ಕತ್ತರಿ ಅರ್ಧ, ಮಾತು ಅರ್ಧ. ಊರಿನ ಸುದ್ದಿಯೆಲ್ಲ ನನ್ನ ಕುರ್ಚಿಯಲ್ಲಿ ಕೂತೇ ಹೊರಗೆ ಹೋಗಬೇಕಿತ್ತು. ಈಗ ಆ ಮಾತು ಸತ್ತುಹೋಯಿತು. ಕೂದಲು ಕತ್ತರಿಸಲು ಎರಡು ಮಾರು ದೂರ ನಿಲ್ಲಲಾಗುತ್ತದೆಯೇ? ಅಂಗಡಿ ಮುಚ್ಚಬೇಕಾದೀತು ಅಂದುಕೊಂಡಿದ್ದೆ. ಆದದ್ದೇ ಬೇರೆ. ಮಾತಿನ ಆಸೆಗೆ ಊರೆಲ್ಲ ದೂರ ದೂರ ನಿಂತು, ಮುಟ್ಟುವವರೇ ಇಲ್ಲವಾಗಿ, ಜನ ನನ್ನ ಕೈ ಹುಡುಕಿಕೊಂಡು ಬರತೊಡಗಿದರು. ತಲೆಯಲ್ಲಿ ನಾಲ್ಕು ಕೂದಲಿಲ್ಲದ ಅಕ್ಕಿ ಗಿರಣಿ ಶೇಷಣ್ಣ ವಾರಕ್ಕೆರಡು ಸಲ ಬಂದು ಕೂರುತ್ತಾನೆ. ನೆತ್ತಿಗೆ ಅಂಗೈ ಇಟ್ಟರೆ ಕಣ್ಣು ಮುಚ್ಚಿಕೊಳ್ಳುತ್ತಾನೆ. ನಾನೂ ಸುಮ್ಮನೆ ಕತ್ತರಿ ಆಡಿಸುತ್ತೇನೆ, ಗಾಳಿಯಲ್ಲಿ.

ಇನ್ನೊಂದು ಉಪಾಯ ಮಾಡಿದ್ದೆ. ಕಾಯುವವರ ಬೆಂಚನ್ನೂ ಎರಡು ಮಾರಿನ ಒಳಗೇ ಎಳೆದುಕೊಂಡು, ಬಾಗಿಲು ಹಾಕಿ ಕೆಲಸ ಮಾಡುತ್ತಿದ್ದೆ. ಊರಿನಲ್ಲಿ ಬಾಯಿ ಬಿಟ್ಟು ಆಡಿದರೂ ಯಾರಿಗೂ ಕೇಳದ ಜಾಗ ಅದೊಂದೇ ಆಯಿತು. ಒಬ್ಬೊಬ್ಬರು ಕನ್ನಡಿ ನೋಡಿಕೊಂಡು ಮಾತಾಡುತ್ತಿದ್ದರು. ತುಟಿ ಅಲ್ಲಾಡುವುದು ಕಾಣುತ್ತಿತ್ತು, ಕೆಲವರಿಗೆ ಕಣ್ಣೀರು ಬರುವುದೂ ಕಾಣುತ್ತಿತ್ತು. ನಾನು ಕಣ್ಣನ್ನು ಅವರ ಕತ್ತಿನ ಮೇಲಿಂದ ಎತ್ತುತ್ತಿರಲಿಲ್ಲ. ಹೇಳಿಬಿಡುತ್ತೇನೆ, ನಾನೂ ಅಲ್ಲಿ ಮಾತಾಡಿದ್ದೇನೆ. ಯಾರದೋ ತಲೆ ಕೈಯಲ್ಲಿ ಹಿಡಿದುಕೊಂಡು ಎಷ್ಟೋ ಸಲ ಅಂದಿದ್ದೇನೆ: ರಾಮಾಂಜಿ ಬಂದಿದ್ದ, ನಾನು ಬಾಗಿಲು ತೆಗೆಯಲಿಲ್ಲ.

ರಾಮಾಂಜಿ ನನ್ನ ಹೆಂಡತಿ ಕದಿರಮ್ಮನ ತಮ್ಮ. ದೂರದ ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕಿದ್ದ. ಕಾಯಿಲೆಯ ಎರಡನೇ ತಿಂಗಳು ಗೂಡು ಮುಚ್ಚಿ, ಬಸ್ಸು ನಿಂತು, ನಾಲ್ಕು ದಿನ ನಡೆದುಕೊಂಡು ಬಂದಿದ್ದ. ಮಟಮಟ ಮಧ್ಯಾಹ್ನ. ಬೀದಿಯಲ್ಲಿ ನರಪಿಳ್ಳೆ ಇಲ್ಲ. “ಭಾವಾ, ನಾನು ರಾಮಾಂಜಿ. ಬಾಗ್ಲು ತೆಗಿ ಭಾವಾ,” ಅಂದ. ನಾನು ಬಾಗಿಲ ಸಂದಿಗೆ ಕಣ್ಣಿಟ್ಟೆ. ಬಾಯಿಗೆ ಟವೆಲ್ ಸುತ್ತಿಕೊಂಡಿದ್ದ. ಒಂದೇ ಸಲ ಕೆಮ್ಮಿದ. ಧೂಳಿಗೂ ಕೆಮ್ಮಿರಬಹುದು. ನಾನು ಉಸಿರು ಬಿಗಿಹಿಡಿದು, ಮನೆಯಲ್ಲಿ ಯಾರೂ ಇಲ್ಲದ ಹಾಗೆ ನಿಂತುಬಿಟ್ಟೆ. ಅಗುಳಿ ಒಳಗಿನಿಂದ ಹಾಕಿತ್ತು. ಒಳಗೆ ಜನರಿದ್ದಾರೆ ಅಂತ ಅವನಿಗೆ ಗೊತ್ತಾಗದೆ ಇರುತ್ತದೆಯೇ? ಮೆಟ್ಟಿಲ ಮೇಲೆ ಒಂದು ಪೊಟ್ಟಣ ಇಟ್ಟು, ಎದುರಿನ ಲೈಟ್ ಕಂಬದ ಹತ್ತಿರ ಹೋಗಿ ನಿಂತು ಬಾಗಿಲನ್ನೇ ನೋಡಿದ. ಆಮೇಲೆ ಸ್ಕೂಲಿನ ಕಡೆ ಹೋದ. ಕಾಯಿಲೆಯವರನ್ನು ಇಡುತ್ತಿದ್ದದ್ದು ಅಲ್ಲೇ. ಪೊಟ್ಟಣದಲ್ಲಿ ಕಡಲೆ ಮಿಠಾಯಿ ಇತ್ತು. ಅದನ್ನೂ ನಾನು ಕೈಯಲ್ಲಿ ಮುಟ್ಟಲಿಲ್ಲ, ಕೋಲಿನಿಂದ ಚರಂಡಿಗೆ ತಳ್ಳಿದೆ.

ಮೂರನೇ ದಿನ ಸ್ಕೂಲಿನಿಂದ ಸುದ್ದಿ ಬಂತು. ಮುಖ ನೋಡಲೂ ಬಿಡಲಿಲ್ಲ. ಆಗ ಕದಿರಮ್ಮ ಏನೂ ಕೇಳಿರಲಿಲ್ಲ, ನಾನೇ ಹೇಳಿದೆ: “ಪಾಪ, ಮನೆ ಕಡೆ ಬರದೆ ಸೀದಾ ಸ್ಕೂಲಿಗೇ ಹೋದ್ನಂತೆ ಕಣೆ.” ಅವಳು ನನ್ನ ಮುಖವನ್ನೇ ನೋಡಿ, “ಹೂಂ,” ಅಂದಳು. ಅವತ್ತು ಒಳಗಿನ ಕೋಣೆಯಲ್ಲಿ ಅವಳು ಮಲಗಿದ್ದಳು ಅಂತಲೇ ನಾನು ಅಂದುಕೊಂಡಿದ್ದೆ. ಆದರೂ ಆ ‘ಹೂಂ’ ನನ್ನ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿಯಿತು. ಅದಾದ ಸ್ವಲ್ಪ ದಿನಕ್ಕೇ ಕಾಯಿಲೆ ಊರು ಬಿಟ್ಟಿತು, ಹತ್ತಿರದ ಮಾತು ಕೇಳಿಸುವುದೂ ನಿಂತಿತು. ಉಳಿದವರೆಲ್ಲ ಗೋಳಾಡಿದರು. ನನಗೊಬ್ಬನಿಗೆ ಒಳಗೊಳಗೇ ನೆಮ್ಮದಿಯಾಯಿತು.

ನಮ್ಮದು ಎರಡೇ ಕೋಣೆಯ ಮನೆ. ಒಲೆಯಿಂದ ಹೊಸ್ತಿಲಿಗೆ ಎರಡು ಮಾರು ಆಗುವುದಿಲ್ಲ. ಅನ್ನ, ನೀರು, ಉಪ್ಪು, ಎಲ್ಲ ಕೈಸನ್ನೆಯಲ್ಲೇ ನಡೆಯುತ್ತದೆ. ಮನಸ್ಸಿನಲ್ಲಿರುವುದಕ್ಕೆ ಸನ್ನೆ ಇಲ್ಲ. ಅವಳಿಗೆ ಬರೆಯಲು ಬರುವುದಿಲ್ಲ, ಇರುವ ಒಂದು ಫೋನು ನನ್ನ ಜೇಬಿನಲ್ಲಿ. ವರ್ಷದಲ್ಲಿ ಹತ್ತು ಸಲವಾದರೂ ಅಂಗಡಿ ಎದುರಿಗೆ ಬಂದು, ರಸ್ತೆಯಾಚೆ ನಿಂತು ಕೇಳುತ್ತಿದ್ದಳು: “ರೀ, ಈ ಭಾನುವಾರ ಕೆರೆ ಕಡೆ ಹೋಗೋಣ್ವಾ? ಒಂದು ಮಾತಿದೆ.”

“ಭಾನುವಾರ ನಂಗೆ ಉಸಿರಾಡಕ್ಕೂ ಪುರುಸೊತ್ತಿರಲ್ಲ, ಗೊತ್ತಿಲ್ವಾ?”

“ಮಂಗಳವಾರ ರಜ ಅಲ್ವಾ?”

“ಮಂಗಳವಾರ ಹಳ್ಳಿ ಮೇಲೆ ಹೋಗ್ಬೇಕು ಮಾರಾಯ್ತಿ, ಮುದುಕ್ರು ಕಾಯ್ತಿರ್ತಾರೆ.”

ಅವಳು ಮತ್ತೆ ಬಾಯಿ ತೆರೆದರೆ ನಾನು ನಗುನಗುತ್ತಾ ರಸ್ತೆ ದಾಟಿ ಅವಳ ಪಕ್ಕಕ್ಕೇ ಹೋಗಿ ನಿಲ್ಲುತ್ತಿದ್ದೆ. ಅಲ್ಲಿಗೆ ಮಾತು ಮುಗಿಯಿತು. ಬೀದಿಯಲ್ಲಿ ನಡೆದರೆ ಭುಜಕ್ಕೆ ಭುಜ ತಾಗಿಸಿ ನಡೆಯುತ್ತಿದ್ದೆ, ಜಗಲಿಯ ಮೇಲೆ ಅಂಟಿಕೊಂಡು ಕೂರುತ್ತಿದ್ದೆ. ಊರಿನವರಿಗೆ ಅದೇ ಒಂದು ಸೋಜಿಗ. ಹೊಸದಾಗಿ ಮದುವೆಯಾದವರಿಗೆ ನಮ್ಮನ್ನು ತೋರಿಸಿ, “ನೋಡ್ರೋ, ಇದ್ರೆ ಹಂಗಿರ್ಬೇಕು. ಮುನಿವೆಂಕಟಪ್ಪ ಹೆಂಡ್ತೀನ ಒಂದು ಗಳಿಗೆ ಬಿಟ್ಟಿರಲ್ಲ,” ಅನ್ನುತ್ತಿದ್ದರು. ಏಳು ವರ್ಷ ಅವಳಿಗೆ ತಾಗಿಕೊಂಡೇ ಇದ್ದೆ. ನಮ್ಮೂರಲ್ಲಿ ನನ್ನಷ್ಟು ಒಂಟಿಯಾದವನು ಇನ್ನೊಬ್ಬ ಇರಲಿಲ್ಲ.

ಓಣಿಯಾಚೆಯ ಮನೆ ಜೈನಬಕ್ಕನದು. ಕೋಳಿ ಸಾಕಿ ಮೊಟ್ಟೆ ಮಾರುವ ಹೆಂಗಸು, ಕೋಳಿಗಳಿಗಿಂತ ಮೊದಲು ಏಳುವವಳು. ನಮ್ಮ ಕೋಣೆಯ ಕಿಟಕಿಯಿಂದ ಅವಳ ಮಂಚಕ್ಕೆ ಸರಿಯಾಗಿ ಎರಡು ಮಾರು, ಮೇಲೊಂದು ಗೇಣು. ದೀಪ ಆರಿಸಿದ ಮೇಲೆ ಪಕ್ಕದಲ್ಲಿ ಕದಿರಮ್ಮನ ಎದೆ ಏರಿಳಿಯುವುದು, ಅವಳು ಏನೋ ಹೇಳುತ್ತಿರುವುದು ನನಗೆ ತಿಳಿಯುತ್ತಿತ್ತು. ಬೆಳಿಗ್ಗೆ ಜೈನಬಕ್ಕ ಕಾಳು ಚೆಲ್ಲುತ್ತಾ ನನ್ನ ಕಡೆ ನೋಡುವಳು. ನಾನು ತಲೆ ತಗ್ಗಿಸಿಕೊಂಡು ಅಂಗಡಿಗೆ ಹೋಗಿಬಿಡುತ್ತಿದ್ದೆ. ಒಂದು ದಿನವೂ ಕೇಳಲಿಲ್ಲ.

ಹೀಗಿರುವಾಗ ಈ ಸಲ ಬೇಸಿಗೆಯಲ್ಲಿ, ದೂರದ ದೇಶದಲ್ಲೆಲ್ಲೋ ಮತ್ತೊಂದು ಕಾಯಿಲೆ ಎದ್ದಿದೆಯಂತೆ ಅನ್ನುವ ಸುದ್ದಿ ಬಂತು. ಸುದ್ದಿ ಸುಳ್ಳೇ ಇರಬಹುದು. ಆದರೂ ಹೋಟೆಲಿನ ಎರಡೂ ಬದಿಯ ಬೆಂಚು ಖಾಲಿಯಾಯಿತು, ಅಂಗಡಿಗಳಲ್ಲಿ ಬೇಳೆ ಮುಗಿಯಿತು. ಸ್ಕೂಲಿನ ವಿಮಲಾಕ್ಷಿ ಟೀಚರ್ ಮೈದಾನದಲ್ಲಿ ಸುಣ್ಣದ ಗುರುತು ಹಾಕಿಸಿ ಊರಿನವರನ್ನೆಲ್ಲ ಕರೆದರು. ಮುಂದಿನ ಸಲ ಬಂದರೆ ಏನು ಮಾಡಬೇಕು ಅಂತ ಯೋಚನೆ. ಒಬ್ಬ ಊರ ಬಾಗಿಲಿಗೆ ಗೇಟು ಹಾಕೋಣ ಅಂದ. ಇನ್ನೊಬ್ಬ ಅಕ್ಕಿ ಕೂಡಿಡೋಣ ಅಂದ. ಟೀಚರ್ ಎಲ್ಲ ಕೇಳಿಸಿಕೊಂಡು, “ಮುಂದಿಂದು ಆಮೇಲೆ ಮಾತಾಡೋಣ. ಹೋದ ಸಲ ನಮ್ಮ ನಮ್ಮ ಮನೇಲಿ ಏನು ಮಾಡಿದ್ವಿ ಅಂತ ಯಾರಾದ್ರೂ ಬಾಯಿ ಬಿಟ್ಟಿದೀವಾ? ಮೊದ್ಲು ಅದನ್ನ ಹೇಳೋಣ. ಬಲವಂತ ಇಲ್ಲ. ಹೇಳೋರು ಕೈ ಎತ್ತಿ,” ಅಂದರು.

ಅಷ್ಟು ಜನರಲ್ಲಿ ಮೊದಲು ಎದ್ದ ಕೈಯಲ್ಲಿ ಹಸಿರು ಗಾಜಿನ ಬಳೆ ಇತ್ತು. ಅದು ಕದಿರಮ್ಮನದು. ಟೀಚರ್ ನಮ್ಮ ಹೆಸರನ್ನು ಬರುವ ಮಂಗಳವಾರಕ್ಕೆ ಬರೆದುಕೊಂಡರು. ಅವಳಿಗೆ ಎಲ್ಲ ಗೊತ್ತಿದೆ, ಊರಿನ ಮುಂದೆ ನನ್ನ ಮಾನ ಕಳೆಯುತ್ತಾಳೆ ಅಂದುಕೊಂಡೆ. ಮಾನ ಹೋದರೆ ಹೋಗಲಿ, ಆಮೇಲೆ ಅವಳು ನನ್ನ ಜೊತೆ ಇರುತ್ತಾಳೆಯೇ? ಆ ವಾರ ಇಬ್ಬರು ಗಿರಾಕಿಗಳ ಕಿವಿಗೆ ಗಾಯ ಮಾಡಿದೆ.

ಮಂಗಳವಾರ ಮಧ್ಯಾಹ್ನ ಬೀದಿಯವರೆಲ್ಲ ಮೈದಾನಕ್ಕೆ ಹೊರಟರು. ನಾನು ರೇಜರ್ ಡಬ್ಬ ಎತ್ತಿಕೊಂಡು, ಹಳ್ಳಿಯ ಕಡೆ ಜಾರಿಕೊಳ್ಳೋಣ ಅಂತ ಓಣಿಗೆ ಇಳಿದೆ. ಜೈನಬಕ್ಕ ಸೆರಗು ಹೊದ್ದು ಬಾಗಿಲಿಗೆ ಬೀಗ ಹಾಕುತ್ತಿದ್ದಳು. ನನ್ನನ್ನು ಕಂಡು, ಲೆಕ್ಕ ಹಾಕಿದ ಹಾಗೆ ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತಳು.

“ಎಲ್ಲಿಗೋ ಹೊರಟೆ, ಡಬ್ಬ ಎತ್ಕೊಂಡು?”

“ಹಳ್ಳಿಗೆ ಕಣಕ್ಕಾ. ಹೊತ್ತಾಯ್ತು.”

“ನಾಚ್ಕೆ ಆಗ್ಬೇಕು ನಿಂಗೆ. ಏಳು ವರ್ಷದಿಂದ ಆ ಹೆಣ್ಣುಮಗಳು ದಿನಾ ಒಂದೇ ಮಾತು ಹೇಳ್ತಾಳೆ. ನನ್ನ ಕಿವಿ ತೂತು ಬಿದ್ದೋಯ್ತು. ಒಂದು ದಿನ ಬಂದು ಏನಂದ್ಲು ಅಂತ ಕೇಳಿದ್ಯಾ ನೀನು?”

“ಏನಂದ್ಲಕ್ಕಾ?” ಅಂದೆ, ಕೊನೆಗೂ.

“ಇವತ್ತು ನಾನು ಹೇಳಲ್ಲ. ಕಟ್ಟಳೆ ಮುರಿದ್ರೆ ಮುರೀಲಿ. ಅವಳು ಬಾಗ್ಲಲ್ಲಿ ನಿಂತಿದಾಳೆ, ಬೀದೀಲಿ ಒಂದು ಕಾಗೆ ಕೂಡ ಇಲ್ಲ. ಹೋಗಿ ಕಂಬದ ಹತ್ರ ನಿಂತ್ಕೊ. ಇವತ್ತೊಂದಿನ ಅವಳ ಹತ್ರ ಹೋಗ್ಬೇಡ, ನಿನ್ನ ದಮ್ಮಯ್ಯ.” ಹಾಗಂದವಳು ಚಪ್ಪಲಿ ಬಡಿಯುತ್ತಾ ಮೈದಾನದ ಕಡೆ ಹೋದಳು.

ನಾನು ಮುಂದಿನ ಬೀದಿಗೆ ಬಂದೆ. ಲೈಟ್ ಕಂಬದ ಕೆಳಗೆ ನಿಂತ ಮೇಲೆ ನೆನಪಾಯಿತು, ರಾಮಾಂಜಿ ನಿಂತಿದ್ದದ್ದು ಅಲ್ಲೇ. ಅಲ್ಲಿಂದ ನಮ್ಮ ಬಾಗಿಲು ಹೇಗೆ ಕಾಣುತ್ತದೆ ಅಂತ ನಾನು ಯಾವತ್ತೂ ನೋಡಿರಲಿಲ್ಲ. ಸಣ್ಣ ಬಾಗಿಲು. ಸಂದಿಯೂ ಕಾಣುತ್ತಿತ್ತು. ಹೊಸ್ತಿಲಲ್ಲಿ ಕದಿರಮ್ಮ ಮೈದಾನಕ್ಕೆ ಹೋಗಲು ತಲೆ ಬಾಚಿಕೊಂಡು, ಒಳ್ಳೆ ಸೀರೆ ಉಟ್ಟು ನಿಂತಿದ್ದಳು. ನಾನು ಹತ್ತಿರ ಬಂದುಬಿಡುತ್ತೇನೆ ಅಂತ ಕಾದಳು. ನಾನು ಹೋಗಲಿಲ್ಲ. ಕಂಬ ಹಿಡಿದುಕೊಂಡೆ.

“ಅಲ್ಲೇ ಇರ್ತೀರಾ?” ಅಂದಳು. ನಾವಿಬ್ಬರೇ ಇರುವಾಗ ಅವಳ ದನಿ ಹೇಗಿರುತ್ತದೆ ಅನ್ನುವುದೇ ನನಗೆ ಮರೆತುಹೋಗಿತ್ತು.

“ಇರ್ತೀನಿ. ಹೇಳು.”

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಊರ ಮುಂದೆ ಹೇಳಕ್ಕಿಂತ ಮೊದ್ಲು ನಿಮ್ಗೆ ಹೇಳ್ಬೇಕು ಅಂತಿದ್ದೆ. ಅವನು ಮೊದ್ಲು ಬಂದಿದ್ದು ಹಿತ್ಲ ಬಾಗ್ಲಿಗೆ ಕಣ್ರೀ. ಯಾವಾಗ್ಲೂ ಅಲ್ಲಿಂದಾನೇ ಬರ್ತಿದ್ದ ಅಲ್ವಾ? ಅಕ್ಕಾ, ನಿಂಗೆ ಕಡ್ಲೆ ಮಿಠಾಯಿ ತಂದಿದೀನಿ ಅಂತ ಮೆಲ್ಲಗೆ ಅಂದ, ಮುಂದಿನ ಕೋಣೇಲಿದ್ದ ನಿಮ್ಗೆ ಕೇಳಿಸಿರಲ್ಲ. ನಾನು ಎಚ್ಚರವಾಗೇ ಇದ್ದೆ. ಬಾಗ್ಲು ಬರೀ ಮುಂದಕ್ಕೆ ಹಾಕಿತ್ತು. ಅವನು ತಳ್ಳಿದ್ರೆ ತೆಗೀತಿತ್ತು. ನಾನು ಎದ್ದು ಹೋಗಿ ಅಗುಳಿ ಹಾಕ್ದೆ. ಸದ್ದು ಅವನಿಗೆ ಕೇಳಿಸ್ತು ಕಣ್ರೀ. ಅಕ್ಕಾ ಅಂತ ಇನ್ನೊಂದು ಸಲ ಅಂದು, ಆಮೇಲೆ ಮುಂದಕ್ಕೆ ಬಂದ.”

ಏಳು ವರ್ಷ ನಾನು ಹೆದರಿದ್ದು ಯಾವುದಕ್ಕೆ, ಅವಳು ಹೇಳಲು ಒದ್ದಾಡಿದ್ದು ಯಾವುದನ್ನು! ಅವಳ ಮಾತು ಕೇಳಬಾರದು ಅಂತ ನಾನು ಪಕ್ಕಕ್ಕೆ ಸರಿದಾಗಲೆಲ್ಲ, ಇವನಿಗೆ ನನ್ನ ಪಾಪ ಗೊತ್ತಾಗಿದೆ, ಕೇಳಲೂ ಅಸಹ್ಯ ಇವನಿಗೆ ಅಂತ ಅವಳು ಅಂದುಕೊಂಡಿರಬೇಕು. ಎಂಥ ಕೆಲಸ ಮಾಡಿದೆನಪ್ಪಾ ನಾನು ಅನ್ನಿಸಿ ಅಳು ಬಂತು.

“ಮುಂದಿನ ಬಾಗ್ಲಲ್ಲಿ ನಾನಿದ್ದೆ ಕದಿರಾ,” ಅಂದೆ. “ಸಂದೀಲಿ ನೋಡ್ತಿದ್ದೆ. ತೆಗೀಲಿಲ್ಲ. ನಿಂಗೆ ಸುಳ್ಳು ಹೇಳ್ದೆ. ಆ ಮಿಠಾಯಿ...”

“ಗೊತ್ತು,” ಅಂದಳು.

ಹೇಗೆ ಗೊತ್ತು ಅಂತ ಕೇಳಲು ಆ ಹೊತ್ತಿಗೆ ಹೊಳೆಯಲಿಲ್ಲ. ಅವನು ಭಾವಾ ಅಂತ ಕರೆದದ್ದು ಅವಳಿಗೂ ಕೇಳಿಸಿರಬೇಕು ಅಂದುಕೊಂಡೆ. ಇನ್ನೇನಾದರೂ ಹೇಳುವುದಿದೆಯೇ ಅಂತ ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಇರಲಿಲ್ಲ. ಆಮೇಲೆ ನಾನು ಬೀದಿ ದಾಟಿ ಮೆಟ್ಟಿಲು ಹತ್ತಿದೆ. ಅವಳ ಬಾಯಿ ಆಡುತ್ತಿತ್ತು, ನನ್ನದೂ ಆಡುತ್ತಿತ್ತು. ಯಾರು ಏನಂದೆವೋ ಯಾರಿಗೂ ಕೇಳಲಿಲ್ಲ. ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಊರಿನವರ ತಲೆಯನ್ನೆಲ್ಲ ಹಿಡಿದ ಕೈ, ಅವಳ ತಲೆಯನ್ನು ಹಾಗೆ ಹಿಡಿದು ಎಷ್ಟೋ ವರ್ಷವಾಗಿತ್ತು.

ಮೈದಾನಕ್ಕೆ ತಡವಾಗಿ ಹೋದೆವು. ಅಲ್ಲಿ ಅವಳು ಹಿತ್ತಿಲ ಬಾಗಿಲಿನದು ಹೇಳಿದಳು, ನಾನು ಮುಂಬಾಗಿಲಿನದು ಹೇಳಿದೆ. ಯಾರೂ ಛೀ ಅನ್ನಲಿಲ್ಲ. ಶೇಷಣ್ಣ ತನ್ನ ಸುಣ್ಣದ ಗುರುತಿನ ಮೇಲೆ ನಿಂತವನು ಸದ್ದು ಮಾಡಿ ಅತ್ತುಬಿಟ್ಟ, ಆಮೇಲೆ ತಾನೂ ಕೈ ಎತ್ತಿದ. ಅವನ ಹಿಂದೆ ಇನ್ನೂ ಹತ್ತು ಹನ್ನೆರಡು ಕೈ ಎದ್ದವು. ಹಾಗಾದರೆ ಮುಂದಿನ ಸಲ ಏನು ಮಾಡೋಣ ಹೇಳಮ್ಮ ಅಂತ ಟೀಚರ್ ಕೇಳಿದರು. ಕದಿರಮ್ಮ ಹೇಳಿದಳು: “ಬಾಗ್ಲು ತೆಗೀಲೇಬೇಕು ಅಂತ ನಾನು ಹೇಳಲ್ಲ ಟೀಚರ್. ಜೀವಭಯ ಯಾರಿಗಿಲ್ಲ? ಆದ್ರೆ ಒಳಗಿದೀವಿ ಅಂತ ಹೇಳ್ಬೇಕು. ಊಟ ಮಾಡಿದ್ಯಾ, ಎಲ್ಲಿ ಮಲಗ್ತೀಯ ಅಂತ ಕೇಳ್ಬೇಕು. ಸ್ಕೂಲಲ್ಲಿ ಮಲಗ್ದೋರ ಎದುರಿಗೂ ಯಾರಾದ್ರೂ ಒಬ್ರು ನಿಂತು ಮಾತಾಡ್ತಿರ್ಬೇಕು. ಎರಡು ಮಾರು ದೂರದಿಂದ ಮಾತಾಡೋದನ್ನ ನಮ್ಗೆ ಯಾರಾದ್ರೂ ಕಲಿಸ್ಬೇಕಾ?” ಟೀಚರ್ ಅದನ್ನು ಹಾಗೇ ಬರೆದುಕೊಂಡರು. ಗೇಟಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಮಾರನೆಯ ಬೆಳಿಗ್ಗೆ ಎದ್ದಾಗ ಕದಿರಮ್ಮ ಇನ್ನೂ ಮಲಗಿದ್ದಳು. ಎಂದೂ ಅಷ್ಟು ಹೊತ್ತು ಮಲಗಿದವಳಲ್ಲ. ನಾನು ಮುಖ ತೊಳೆದು, ಊರಿನ ಗಂಡಸರ ಹಾಗೆ ಓಣಿಯಾಚೆ ಹೋಗಿ, ಅಳತೆ ನೋಡಿ ನಿಂತೆ. ಜೈನಬಕ್ಕ ಬುಟ್ಟಿಗೆ ಹುಲ್ಲು ಹಾಸಿ ಮೊಟ್ಟೆ ಜೋಡಿಸುತ್ತಿದ್ದಳು.

“ಜೈನಬಕ್ಕಾ, ರಾತ್ರಿ ನಮ್ಮೋಳು ಏನಂದ್ಲು?”

“ಏನೂ ಅನ್ನಲಿಲ್ಲಪ್ಪಾ. ಹಾಸಿಗೆಗೆ ಬಿದ್ದೋಳೇ ನಿದ್ದೆ ಮಾಡಿದ್ಲು,” ಅಂದಳು. ನಾನು ತಿರುಗಿ ಹೊರಟಾಗ ಹಿಂದಿನಿಂದ ಮತ್ತೆ ಅಂದಳು: “ಅಂದಿದ್ದು ನೀನು.”

“ನಾನಾ? ನಾನೇನಂದೆ?”

“ಇನ್ನೇನು, ದಿನಾ ಅನ್ನೋದೇ. ‘ಇರೋ ರಾಮಾಂಜಿ, ಬಂದೆ, ಬಾಗ್ಲು ತೆಗೀತಿದೀನಿ.’ ಏಳು ವರ್ಷದಿಂದ ನಿದ್ದೇಲಿ ಅದನ್ನೇ ಅಂತೀಯ. ನಂಗೂ ಹೇಳಿ ಹೇಳಿ ಸಾಕಾಗಿತ್ತು.”

“ನೀನು ಯಾರಿಗೆ ಹೇಳ್ತಿದ್ದೆ ಅಕ್ಕಾ?”

ಜೈನಬಕ್ಕ ಮೊಟ್ಟೆ ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಖ ನೋಡಿದಳು. “ಕೇಳಿದೋರಿಗೆ. ನೀನು ಅಂಗಡಿಗೆ ಹೋದ ಮೇಲೆ ಕದಿರಮ್ಮ ಒಂದು ದಿನ ತಪ್ಪದೆ ಬಂದು, ನೀನು ನಿಂತಿದೀಯಲ್ಲ, ಅಲ್ಲೇ ನಿಂತ್ಕೊಂಡು ಕೇಳ್ತಿದ್ಲು, ‘ರಾತ್ರಿ ನಮ್ಮೋರು ಬಾಗ್ಲು ತೆಗೆದ್ರಾ ಅಕ್ಕಾ?’ ಅಂತ.”